ಧಾರವಾಡದ ಪಕ್ಕದಲ್ಲೊಂದು ಸದ್ದು

392.2 ಮೀಟರ್, ಅಂದರೆ 765 ಕಿಲೋಹರ್ಟ್ಸ್. ಈ ಸಂಖ್ಯೆ ಓದಿದ ಕೂಡಲೇ ಉದ್ಘೋಷಕರ ದನಿಯೂ ಕಿವಿಗೆ ಬಿತ್ತು ಎನ್ನುವವರು ಹುಬ್ಬಳ್ಳಿ-ಗದಗದ ಕಡೆಯವರೋ, ನಮ್ಮ ಹಾಗೆ ಶಿರಸಿ-ಸಿದ್ದಾಪುರದವರೋ ಆಗಿರಬೇಕು. ವಯಸ್ಸೂ ಐವತ್ತರ ಆಸುಪಾಸು ಇರಬೇಕು. ಅದು ಆಕಾಶವಾಣಿ ಧಾರವಾಡ. ಸಾಗರ, ಶಿವಮೊಗ್ಗದ ನೆಂಟರ ಮನೆಗೆ ಹೋದರೆ ಅಲ್ಲಿ 444.4 ಮೀಟರಿನ ಭದ್ರಾವತಿ. ಮೀಟರ್ ಎಂದರೇನು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಸ್ಟೇಷನ್ನಿನ ಕಂಬದ ಎತ್ತರ ಎಂದು ಶಿವಮೊಗ್ಗದಿಂದ ಬಂದಿದ್ದ ಹುಡುಗನೊಬ್ಬ ಖಡಾಖಂಡಿತವಾಗಿ ಹೇಳಿದ್ದ. ಹಾಗಾಗಿ ನಿಮ್ಮ ಧಾರವಾಡಕ್ಕಿಂತ ನಮ್ಮ ಭದ್ರಾವತಿಯೇ ಮೇಲು ಎಂದು ಅವನ ವಾದ. ಬೆಂಗಳೂರಿನದು 490 ಮೀಟರ್ ಚಿಲ್ಲರೆ ಎಂದು ಯಾರೋ ಎತ್ತಿ ಹಾಡಿದಾಗ ಮಾತು ಬದಲಿಸಿದ.

ನಮ್ಮ ಕೇರಿಗೆ ಮೊದಲು ಬಂದದ್ದು ವಾಲ್ವ್ ಸೆಟ್ಟು, ದೊಡ್ಡಪ್ಪನ ಮನೆಯದು. ಗುಂಡಿ ತಿರುಗಿಸಿದ ತಕ್ಷಣ ಮಾತಾಡುವ ಜಾತಿಯಲ್ಲ ಅದು. ಒಳಗಿನ ವಾಲ್ವು ಕಾದು ಕೆಂಪಾಗಬೇಕು, ಬಿಸಿ ಮರದ ವಾಸನೆ ಬರಬೇಕು, ಮುಂಭಾಗದ ಹಸಿರು ಕಣ್ಣು ಬಿಡಬೇಕು, ಆಮೇಲೆ ಎಲ್ಲಿಂದಲೋ ಎದ್ದು ಬಂದ ಹಾಗೆ ದನಿ. ಸ್ಟೇಷನ್ ಸರಿಯಾಗಿ ಕೂತಿದೆಯೋ ಇಲ್ಲವೋ ಹೇಳುವುದೂ ಆ ಕಣ್ಣೇ. ಗಾಜಿನ ಫಲಕದ ಮೇಲೆ ದಿಲ್ಲಿ, ಬಾಂಬೆ, ಮದ್ರಾಸು, ಕೊಲಂಬೊ ಎಂದು ಊರುಗಳ ಹೆಸರಿದ್ದವು. ಭೂಗೋಳದ ಪುಸ್ತಕಕ್ಕಿಂತ ಮೊದಲು ನಾವು ಆ ಊರುಗಳನ್ನು ಕಂಡದ್ದು ಅಲ್ಲಿ. ಗೋಡೆಯಿಂದ ಗೋಡೆಗೆ ಬಿಗಿದ ತಂತಿಬಲೆಯ ಪಟ್ಟಿ ಏರಿಯಲ್ಲು. ಕಪಾಟಿನಲ್ಲಿ ಒಂದು ಲೈಸೆನ್ಸ್ ಪುಸ್ತಕ, ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಮುದ್ರೆ ಒತ್ತಿಸಿಕೊಂಡು ಬರಬೇಕು. ರೇಡಿಯೊ ಕೇಳೋದಕ್ಕೂ ಲೈಸೆನ್ಸಾ ಎಂದು ಈಗಿನವರು ನಗುತ್ತಾರೆ. 1980ರ ದಶಕದವರೆಗೂ ಅದು ಇತ್ತು, ಇಲ್ಲದವರು ಇನ್ಸ್‌ಪೆಕ್ಟರು ಬರುತ್ತಾರೆಂಬ ಸುದ್ದಿ ಕೇಳಿದರೆ ಸೆಟ್ಟಿಗೆ ಕಂಬಳಿ ಹೊದಿಸುತ್ತಿದ್ದರು.

ಆಮೇಲೆ ಟ್ರಾನ್ಸಿಸ್ಟರ್ ಬಂತು. ಚರ್ಮದ ಅಂಗಿ ತೊಟ್ಟುಕೊಂಡು ಅದು ತೋಟಕ್ಕೆ, ಕೊಟ್ಟಿಗೆಗೆ, ಗದ್ದೆಯ ಮಾಳಕ್ಕೆ ಎಲ್ಲ ಕಡೆಗೂ ಹೋಯಿತು. ಕೆಂಪು ಎವರೆಡಿ ಸೆಲ್ಲು ಸೋತಾಗ ಅದನ್ನು ಅಂಗಳದ ಬಿಸಿಲಿಗೆ ಇಟ್ಟು ಇನ್ನೆರಡು ದಿನ ಉಸಿರು ಹಿಡಿಸುವುದು ಎಲ್ಲ ಮನೆಯ ವಿದ್ಯೆ. ಇನ್ನೊಂದು ವಿದ್ಯೆ ದಿಕ್ಕಿನದು. ಒಳಗಿನ ಫೆರೈಟ್ ಕಡ್ಡಿ ಮೀಡಿಯಂ ವೇವ್ ಹಿಡಿಯಬೇಕಾದರೆ ಸೆಟ್ಟು ಇಂಥ ಕಡೆಗೇ ಮುಖ ಮಾಡಿರಬೇಕು. ಅದು ಮನೆಯವರಿಗಷ್ಟೇ ಗೊತ್ತು. ನಮ್ಮ ಮನೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ಓರೆಯಾಗಿ, ಬೆನ್ನು ಗೋಡೆಗೆ ತಾಗದ ಹಾಗೆ. ಅಜ್ಜಿ ಧೂಳು ಹೊಡೆಯುವಾಗ ಅದನ್ನು ನೆಟ್ಟಗೆ ಇಟ್ಟುಬಿಟ್ಟರೆ ಅಜ್ಜ ಇಡೀ ದಿನ ಗೊಣಗುತ್ತಿದ್ದ.

ಹೊತ್ತು ತಿಳಿಯುತ್ತಿದ್ದದ್ದೇ ಅದರಿಂದ. ವಾಲ್ಟರ್ ಕೌಫ್‌ಮನ್ ಎಂಬ ಪ್ರಾಗ್ ಕಡೆಯ ಸಂಗೀತಗಾರ 1930ರ ದಶಕದಲ್ಲಿ ಮಾಡಿಕೊಟ್ಟ ಆ ಶಿವರಂಜನಿಯ ಸಿಗ್ನೇಚರ್ ಟ್ಯೂನ್ ಕೇಳಿದರೆ ಹಾಲು ಕರೆಯುವ ಹೊತ್ತು. 6.55ಕ್ಕೆ ಸಂಸ್ಕೃತ ವಾರ್ತೆ. ಅರ್ಥವಾಗದಿದ್ದರೂ ‘ಪ್ರವಾಚಕಃ ಬಲದೇವಾನಂದ ಸಾಗರಃ’ ಎಂಬುದನ್ನು ಅನುಕರಿಸದ ಹುಡುಗರಿಲ್ಲ. 7.35ಕ್ಕೆ ದಿಲ್ಲಿಯಿಂದ ಕನ್ನಡ ವಾರ್ತೆ, ಅದು ಮುಗಿಯುವುದರೊಳಗೆ ಪಾಟಿಚೀಲ ಹೆಗಲಿಗೆ ಏರಿರಬೇಕು. ಪೇಟೆ ಧಾರಣೆ ಬಂದರೆ ಅಡಿಕೆಯ ರಾಶಿ, ಬೆಟ್ಟೆ, ಚಾಲಿ ಎಷ್ಟೆಂದು ಕೇಳಲು ದೊಡ್ಡವರೆಲ್ಲ ಕೈ ಎತ್ತಿ ನಮ್ಮನ್ನು ಸುಮ್ಮನಾಗಿಸುತ್ತಿದ್ದರು. ಭಾನುವಾರ ಸಿನಿಮಾದ ಧ್ವನಿವಾಹಿನಿ ಬಂದರೆ ಕೇರಿಯೆಲ್ಲ ದೊಡ್ಡಪ್ಪನ ಜಗುಲಿಯಲ್ಲಿ. ಚಿತ್ರವನ್ನು ಟಾಕೀಸಿನಲ್ಲಿ ನೋಡಿ ಬಂದವನೊಬ್ಬ ನಡುನಡುವೆ ‘ಈಗ ಅವಳು ಮೆಟ್ಟಿಲು ಇಳೀತಾ ಇದ್ದಾಳೆ’ ಎಂದು ವಿವರಿಸುತ್ತಿದ್ದ. ವಿಜಯದಶಮಿಯ ದಿನ ಮೈಸೂರಿನ ಜಂಬೂಸವಾರಿಯ ವೀಕ್ಷಕ ವಿವರಣೆ. ಆನೆ ಬಂತು ಎಂದು ಹೇಳಿದ ಮೇಲೂ ಎಷ್ಟೋ ಹೊತ್ತು ಆನೆ ಬರುತ್ತಲೇ ಇರುತ್ತಿತ್ತು. ಅಂಬಾರಿ ಹೊತ್ತ ಆನೆಯನ್ನು ಕಣ್ಣಾರೆ ಕಂಡಾಗ ಸತ್ಯವಾಗಿ ಹೇಳಬೇಕೆಂದರೆ ಅದು ನನಗೆ ಸ್ವಲ್ಪ ಚಿಕ್ಕದೇ ಅನ್ನಿಸಿತು.

ರಾತ್ರಿಯ ರೇಡಿಯೊ ಬೇರೆಯೇ. ಹಗಲು ಆಕಾಶದ ಕೆಳಗಿನ ಪದರವೊಂದು ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಕ್ಕೆ ಹೋಗಿ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಈ ವಿಜ್ಞಾನ ಗೊತ್ತಾದದ್ದು ಕಾಲೇಜಿನಲ್ಲಿ. ಊರಲ್ಲಿ ಗೊತ್ತಿದ್ದದ್ದು ಇಷ್ಟೇ: ದೀಪ ಹಚ್ಚಿದ ಮೇಲೆ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ತೆಲುಗು, ಇನ್ನಷ್ಟು ಸರಿಸಿದರೆ ಮಲಯಾಳ, ಮತ್ತೆ ಯಾವುದೋ ಗುರುತಿಲ್ಲದ ಭಾಷೆ. ಶಾರ್ಟ್‌ವೇವಿಗೆ ಹಾಕಿದರೆ ಸಿಲೋನು. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿಯ ಬಿನಾಕಾ ಗೀತಮಾಲಾ ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬರುತ್ತಿತ್ತು. ಹಾಡಿನ ಒಂದು ಸಾಲು ಅಲೆಯಲ್ಲಿ ಮುಳುಗಿದರೆ ಅದನ್ನು ನಾವೇ ಹಾಡಿ ತುಂಬಿಕೊಳ್ಳುತ್ತಿದ್ದೆವು. ದೂರದಿಂದ ಬಂದದ್ದು ದೂರದಿಂದ ಬಂದ ಹಾಗೇ ಕೇಳುತ್ತಿತ್ತು.

ಇನ್ನು ಗುಡುಗು. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಹಾಡಿನ ನಡುವೆ ಇದ್ದಕ್ಕಿದ್ದ ಹಾಗೆ ಕಟ್, ಕಟಾರ್ ಎಂದು ಸದ್ದು ಶುರುವಾಗುತ್ತಿತ್ತು. ಆಕಾಶ ನೋಡಿದರೆ ತಿಳಿ, ಬಿಸಿಲು ಸುಡುತ್ತಿದೆ. ಆದರೂ ಅಮ್ಮ ಅಡುಗೆಮನೆಯಿಂದಲೇ ‘ಹಪ್ಪಳ ಒಳಗೆ ತಗೊಳ್ರೋ’ ಎಂದು ಕೂಗುತ್ತಿದ್ದಳು. ಎಲ್ಲೋ ದೂರದಲ್ಲಿ ಮಿಂಚು ಹೊಡೆದರೆ ಅದರ ಅಲೆಯೂ ಮೀಡಿಯಂ ವೇವಿಗೆ ಬಂದು ಸೇರುತ್ತದೆ, ಗುಡುಗಿನ ಸದ್ದು ಕೇಳುವುದಕ್ಕೆ ಎಷ್ಟೋ ಮೊದಲು. ಸಂಜೆ ಹೊತ್ತಿಗೆ ಮಳೆ ಬಂದೇ ಬರುತ್ತಿತ್ತು ಎಂದೇನಲ್ಲ. ಹವಾಮಾನ ವರದಿ ಓದುತ್ತಿದ್ದವರಿಗಿಂತ ಆ ವರದಿಯ ಹಿಂದಿನ ಕಟಕಟವೇ ನಂಬಿಕಸ್ತ ಎಂಬುದು ಮಾತ್ರ ಅಮ್ಮನ ಗಟ್ಟಿ ಅಭಿಪ್ರಾಯ.

ಹಾಗೆಂದು ಆ ಸದ್ದನ್ನೆಲ್ಲ ಪೂಜೆಗೆ ಇಡುವವನಲ್ಲ ನಾನು. ಮಾತಿಗೆ ಮೀಡಿಯಂ ವೇವ್ ಸೊಗಸು, ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಅರ್ಥಗಾರಿಕೆಗೆ ಅಷ್ಟು ಸಾಕು. ಸಂಗೀತಕ್ಕೆ ಅದು ಅನ್ಯಾಯವನ್ನೇ ಮಾಡಿತು. ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದವರು. ಅವರ, ಗಂಗೂಬಾಯಿ ಹಾನಗಲ್ಲರ, ಬಸವರಾಜ ರಾಜಗುರುಗಳ ಗಾಯನವನ್ನು ನಾವು ಕೇಳಿದ್ದೇ ಆ ಪೆಟ್ಟಿಗೆಯಿಂದ. ಒಂದೊಂದು ಸ್ಟೇಷನ್ನಿಗೆ 9 ಕಿಲೋಹರ್ಟ್ಸ್‌ನಷ್ಟೇ ಓಣಿ, ಅದರಲ್ಲಿ ತಂಬೂರಿಯ ಝೇಂಕಾರ ನುಸುಳುವುದಾದರೂ ಹೇಗೆ? ಮುಂದೆ ಧಾರವಾಡದಲ್ಲಿ ಓದಲು ಹೋದಾಗ ಸಭೆಯಲ್ಲಿ ಕೂತು ತಂಬೂರಿ ಕೇಳಿದೆ. ಇಷ್ಟು ದಿನ ಕೇಳಿದ್ದು ಹಾಡಿನ ಎಲುಬನ್ನು ಮಾತ್ರ ಎಂದು ಆಗ ಗೊತ್ತಾಯಿತು.

ಎಫ್‌ಎಂ ಬಂದಾಗ ಅದಕ್ಕೇ ಖುಷಿಪಟ್ಟೆವು. ಹಾಸನ, ಚಿತ್ರದುರ್ಗ, ಮಡಿಕೇರಿಗೆಲ್ಲ ಎಫ್‌ಎಂ ಸ್ಟೇಷನ್ನುಗಳು ಬಂದವು, ಬೆಂಗಳೂರಿನಲ್ಲಿ 2001ರಲ್ಲಿ ಖಾಸಗಿಯವರೂ ಶುರುಮಾಡಿದರು. ಎಫ್‌ಎಂ ಅಂದರೆ ಡಿಜಿಟಲ್ ಎಂದು ಬಹಳ ಜನ ತಿಳಿದಿದ್ದಾರೆ. ಅದೂ ಹಳೆಯ ಅನಲಾಗ್ ವಂಶದ್ದೇ, ದನಿ ಸ್ವಚ್ಛ ಅಷ್ಟೆ. ಆದರೆ ಗುಡ್ಡ ಅಡ್ಡ ಬಂದರೆ ಅದು ಅಲ್ಲೇ ನಿಂತುಬಿಡುತ್ತದೆ. ಮೀಡಿಯಂ ವೇವ್ ಗುಡ್ಡ ಹತ್ತಿ ಕಣಿವೆಗೆ ಇಳಿಯುತ್ತದೆ. ನಮ್ಮ ಘಟ್ಟದ ಹಳ್ಳಿಗಳಲ್ಲಿ ಧಾರವಾಡ ಉಳಿದುಕೊಂಡದ್ದು ಈ ಕಾರಣಕ್ಕೆ, ಪ್ರೀತಿಗೆ ಮಾತ್ರವಲ್ಲ.

ನಿಜವಾದ ಡಿಜಿಟಲ್ ಬಂದದ್ದು ಸದ್ದಿಲ್ಲದೆ. ಅಲ್ಲ, ಸದ್ದು ಮಾಡಿಕೊಂಡೇ ಬಂತು, ನಮಗೆ ಅದು ಸದ್ದೆಂದು ಮಾತ್ರ ಕೇಳಿಸಿತು. ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ದೊಡ್ಡಪ್ಪ ಟ್ರಾನ್ಸಿಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ‘ಧಾರವಾಡದ ಪಕ್ಕದಲ್ಲಿ ಏನೋ ಭೋರ್ ಅಂತದೆ ನೋಡು’ ಎಂದರು. ಮುಳ್ಳನ್ನು ಸ್ವಲ್ಪ ಬಲಕ್ಕೆ ಸರಿಸಿದರೆ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಸುರಿದ ಹಾಗೆ ಒಂದೇ ಸಮನೆ ಭೋರ್ಗರೆತ. ಸೆಟ್ಟಿನದೇ ದೋಷವೆಂದು ಪೇಟೆಯ ರಿಪೇರಿಯವನ ಹತ್ತಿರ ಎರಡು ಸಲ ಹೋಗಿ ಬಂದಿತ್ತು. ಅವನು ಬಿಚ್ಚಿ, ಒರೆಸಿ, ಕಂಡೆನ್ಸರ್ ಬದಲಿಸಿ, ‘ಇದು ಮೇಲಿಂದಲೇ ಬರ್ತಾ ಇದೆ ಹೆಗಡೇರೆ’ ಎಂದು ಕೈಚೆಲ್ಲಿದ್ದ.

ಅವನು ಹೇಳಿದ್ದು ಸರಿಯೇ. ಡಿಆರ್‌ಎಂ, ಅಂದರೆ ಡಿಜಿಟಲ್ ರೇಡಿಯೊ ಮಾಂಡಿಯಲ್ ಎಂಬ ಪದ್ಧತಿಯನ್ನು ಆಕಾಶವಾಣಿ ಒಪ್ಪಿಕೊಂಡು 2009ರಲ್ಲಿ ದಿಲ್ಲಿ ಹತ್ತಿರದ ಖಾಂಪುರದಿಂದ ಶಾರ್ಟ್‌ವೇವಿನಲ್ಲಿ ಶುರುಮಾಡಿತ್ತು. ಮುಂದಿನ ವರ್ಷಗಳಲ್ಲಿ ದೇಶದ 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳು ಡಿಜಿಟಲ್ ಆದವು. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಧಾರವಾಡ, ಎರಡೂ 200 ಕಿಲೋವ್ಯಾಟಿನವು. ಹಳೆಯ ಕೇಳುಗರನ್ನು ಕೈಬಿಡಬಾರದೆಂದು ಅನಲಾಗ್ ಪ್ರಸಾರವನ್ನು ಹಾಗೇ ಇಟ್ಟು, ಅದರ ಮಗ್ಗುಲಲ್ಲೇ ಡಿಜಿಟಲನ್ನೂ ಬಿಟ್ಟರು. ದನಿಯನ್ನು ಅಂಕಿಗಳಾಗಿ ಒಡೆದು ನೂರಾರು ಸಣ್ಣ ವಾಹಕ ಅಲೆಗಳ ಮೇಲೆ ಹಂಚಿ ಕಳಿಸುತ್ತಾರೆ. ಅದಕ್ಕೆಂದೇ ಮಾಡಿದ ಸೆಟ್ಟು ಆ ಚೂರುಗಳನ್ನು ಮತ್ತೆ ಜೋಡಿಸಿ ದನಿ ಮಾಡುತ್ತದೆ. ಹಳೆಯ ಸೆಟ್ಟಿಗೆ ಅದು ಬರೀ ಗದ್ದಲ. ದೊಡ್ಡಪ್ಪನ ಕಿವಿಗೆ ಬಿದ್ದ ಭೋರ್ಗರೆತದೊಳಗೆ ಅದೇ ಧಾರವಾಡ, ಅದೇ ಹಾಡು, ಹಿಂದೆಂದೂ ಇಲ್ಲದಷ್ಟು ಸ್ವಚ್ಛವಾಗಿ ಇತ್ತು!

ಇದನ್ನು ಅವರಿಗೆ ಹೇಳಿದಾಗ ‘ಹಂಗಾರೆ ಅದನ್ನ ಕೇಳೋ ಪೆಟ್ಟಿಗೆ ತಗಂಬಾ’ ಎಂದರು. ಅಲ್ಲೇ ಇರುವುದು ತೊಡಕು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿದರೆ ಬ್ಲೂಟೂತ್ ಸ್ಪೀಕರ್ ತೋರಿಸುತ್ತಿದ್ದರು. ಡಿಆರ್‌ಎಂ ಸೆಟ್ಟು ನಮ್ಮ ದೇಶದಲ್ಲೇ ತಯಾರಾಗಿದ್ದೂ ಇದೆ, ಆದರೆ ಮಾಮೂಲಿ ಟ್ರಾನ್ಸಿಸ್ಟರಿನ ಎಷ್ಟೋ ಪಟ್ಟು ಬೆಲೆ. ನಾರ್ವೆ ದೇಶ 2017ರಲ್ಲಿ ರಾಷ್ಟ್ರೀಯ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿ ಡಿಜಿಟಲ್ಲಿಗೆ ಹೋಯಿತು. ಅಲ್ಲೂ ವಯಸ್ಸಾದವರು ಗೊಣಗಿದರು, ಆದರೆ ಹೊಸ ಪೆಟ್ಟಿಗೆ ಮೊದಲೇ ಮನೆಮನೆಗೆ ಬಂದಿತ್ತು. ನಮ್ಮಲ್ಲಿ ಸ್ಟೇಷನ್ನು ಮುಂದೆ ಹೋಯಿತು, ಪೆಟ್ಟಿಗೆ ಹಿಂದೆ ಉಳಿಯಿತು. ಅನಲಾಗ್ ಹೋದೀತೆಂಬುದಕ್ಕಿಂತ ನನಗೆ ಬೇಸರ ಇದರದು.

ಆ ಪೆಟ್ಟಿಗೆ ಬಂದು ಕೂತದ್ದು ಕಾರುಗಳಲ್ಲಿ. ಲಕ್ಷಗಟ್ಟಲೆ ಹೊಸ ಕಾರುಗಳಲ್ಲಿ ಡಿಆರ್‌ಎಂ ಇದೆ, ಇದೆಯೆಂದು ಓಡಿಸುವವರಿಗೇ ಗೊತ್ತಿಲ್ಲ. ತಂಗಿಯ ಮಗನ ಕಾರಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಹಿಂದಿನ ಸೀಟಿನಲ್ಲಿದ್ದ ದೊಡ್ಡಪ್ಪನಿಗಾಗಿ ಹುಡುಕಿ ಹಾಕಿದೆವು. ಪರದೆಯ ಮೇಲೆ ಸ್ಟೇಷನ್ನಿನ ಹೆಸರೇ ಬಂತು, ಮುಳ್ಳಿಲ್ಲ, ತಿರುಗಿಸುವ ಗುಂಡಿಯೂ ಇಲ್ಲ. ಉದ್ಘೋಷಕಿ ಉಸಿರು ಎಳೆದದ್ದು ಕೇಳಿಸಿತು, ಕಾಗದ ಮಗುಚಿದ್ದೂ. ಒಂದು ವಚನದ ಹಿಂದೆ ತಂಬೂರಿ ಪೂರ್ತಿಯಾಗಿ, ನಾಲ್ಕೂ ತಂತಿಗಳಲ್ಲಿ ಮಿಡಿಯುತ್ತಿತ್ತು. ದೊಡ್ಡಪ್ಪ ಮುಂದಕ್ಕೆ ಬಾಗಿ ಕೇಳಿದರು. ಸೇತುವೆಯೊಂದರ ಕೆಳಗೆ ಹೋದಾಗ ದನಿ ಕ್ಷೀಣಿಸಲಿಲ್ಲ, ಗರಗರ ಎನ್ನಲಿಲ್ಲ, ಕತ್ತರಿಸಿದ ಹಾಗೆ ನಿಂತಿತು. ಡಿಜಿಟಲ್ಲಿನ ಸ್ವಭಾವವೇ ಹಾಗೆ, ಚೂರುಗಳು ಸಾಲದಿದ್ದರೆ ಅರ್ಧಂಬರ್ಧ ಕೊಡುವುದಿಲ್ಲ. ‘ಕರೆಂಟು ಹೋತಾ?’ ಎಂದರು ದೊಡ್ಡಪ್ಪ. ಮರುಕ್ಷಣ ವಚನ ಮುಂದಿನ ಸಾಲಿನಿಂದ ಹತ್ತಿಕೊಂಡಿತು. ನಡುವಿನ ಸಾಲನ್ನು ಅವರು ಹಾಡಿಕೊಂಡರು.

ಈಗ ಊರಿನಲ್ಲೂ ಬಹಳ ಮಂದಿ ಕೇಳುವುದು ಫೋನಿನಲ್ಲಿ. ಆಕಾಶವಾಣಿಯ ಆ್ಯಪ್ ಇದೆ, ನೆಟ್‌ವರ್ಕ್ ಸಿಕ್ಕಿದ ದಿನ ಧಾರವಾಡ, ಭದ್ರಾವತಿ, ಮಂಗಳೂರು ಎಲ್ಲ ಬೆರಳ ತುದಿಯಲ್ಲಿ. ಒಂದೇ ವಾರ್ತೆಯನ್ನು ಟ್ರಾನ್ಸಿಸ್ಟರಿನಲ್ಲೂ ಫೋನಿನಲ್ಲೂ ಒಟ್ಟಿಗೆ ಹಾಕಿ ನೋಡಿ, ಫೋನು ಹಿಂದೆ ಬಿದ್ದಿರುತ್ತದೆ. ಗೋಡೆ ಗಡಿಯಾರಕ್ಕೆ ರೇಡಿಯೊದ ಕುಂಯ್ ಸದ್ದಿನಿಂದ ಸಮಯ ಹೊಂದಿಸುತ್ತಿದ್ದ ದೊಡ್ಡಪ್ಪನಿಗೆ ಇದು ದೊಡ್ಡ ಅಪರಾಧ.

ನಮ್ಮ ಕೇರಿಯ ಹುಡುಗಿಯೊಬ್ಬಳು ಮದುವೆಯಾಗಿ ಮಸ್ಕತ್ತಿನಲ್ಲಿದ್ದಾಳೆ. ನಮ್ಮ 7.35ರ ವಾರ್ತೆ ಅಲ್ಲಿ ಬೆಳಗಿನ 6.05ಕ್ಕೆ, ಮಕ್ಕಳ ಡಬ್ಬಿ ಕಟ್ಟುವ ಹೊತ್ತು. ದಿನಾ ಕೇಳುತ್ತಾಳಂತೆ, ಸಿಲೋನಿನ ಹಾಗೆ ಏರಿಳಿಯುವುದಿಲ್ಲ, ಪಕ್ಕದ ಕೋಣೆಯಲ್ಲಿ ಓದಿದ ಹಾಗೆ. ಕಳೆದ ಮೇ ತಿಂಗಳಲ್ಲಿ ವಾಟ್ಸಾಪಿನಲ್ಲಿ ಕೇಳಿದಳು: ಅಲ್ಲಿ ಮಳೆ ಹೆಂಗೆ, ರೇಡಿಯೊ ಕೇಳಿದರೆ ಏನೂ ಗೊತ್ತಾಗೋದಿಲ್ಲ. ನಾನು ದೊಡ್ಡಪ್ಪನ ಟ್ರಾನ್ಸಿಸ್ಟರಿನ ಮುಂದೆ ಫೋನು ಹಿಡಿದು ಧಾರವಾಡದ ಹಾಡನ್ನೂ ಅದರ ಮೇಲೆ ಬೀಳುತ್ತಿದ್ದ ಕಟಕಟವನ್ನೂ ರೆಕಾರ್ಡ್ ಮಾಡಿ ಕಳಿಸಿದೆ. ಉತ್ತರ ತಕ್ಷಣ ಬಂತು: ‘ಹಪ್ಪಳ ಒಳಗೆ ತಗಂಡ್ರಾ?’