ಇಂಜಿನ್ನಿನ ಉಸಿರು

"ಗಾಡಿಗೆ ಪಿಕಪ್ ಇಲ್ಲ" ಎಂಬ ದೂರನ್ನು ಕೇಳದ ಗ್ಯಾರೇಜು ನಮ್ಮ ನಾಡಿನಲ್ಲಿ ಇರಲಾರದು. ದೂರು ಕಿವಿಗೆ ಬಿದ್ದೊಡನೆ ಎಲ್ಲರ ಅನುಮಾನವೂ ಹೋಗುವುದು ಪೆಟ್ರೋಲಿನ ಕಡೆಗೆ, ಇಲ್ಲವೇ ಪ್ಲಗ್ಗಿನ ಕಡೆಗೆ. ಗಾಳಿಯನ್ನು ನೆನೆಯುವವರು ಕಡಿಮೆ. ಆದರೆ ಒಂದು ಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ಒಳಕ್ಕೆ ತರುವುದೇ ಪ್ರಯಾಸದ ಕೆಲಸ. ಇಂಜಿನ್ನಿನ ಅಶ್ವಶಕ್ತಿಯನ್ನು ನಿರ್ಣಯಿಸುವುದರಲ್ಲಿ ಅದರ ಉಸಿರಾಟಕ್ಕೇ ದೊಡ್ಡ ಪಾಲು.

ನನ್ನ ತರಗತಿಯಲ್ಲಿ ವಿಜ್ಞಾನ ಓದಿದವರಿಗೆ ಹೀರುವ, ಒತ್ತುವ, ದುಡಿಯುವ, ಹೊರಹಾಕುವ ಆ ನಾಲ್ಕು ಹೊಡೆತಗಳು ನೆನಪಿರಬಹುದು. ಪಠ್ಯಪುಸ್ತಕ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಇಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 100 ಸುತ್ತು. ಹೀರುವ ಹೊಡೆತ ಅರ್ಧ ಸುತ್ತಿನದು. ಅದಕ್ಕೆ ದೊರೆಯುವ ಕಾಲ ಸೆಕೆಂಡಿನ ಸಾವಿರದ ಐದು ಭಾಗ ಮಾತ್ರ. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಕಾಲ ಬೇಕು. ಅಷ್ಟರೊಳಗೆ ಗಾಳಿಯು ಸಿಲಿಂಡರ್ ಹೆಡ್ಡಿನ ಬಾಗಿದ ದಾರಿಯಲ್ಲಿ ನುಗ್ಗಿ, ವಾಲ್ವಿನ ಅಂಚನ್ನು ಬಳಸಿ, ಒಳಗೆ ತುಂಬಿಕೊಳ್ಳಬೇಕು. ಹಾಸನದಂತಹ ಎತ್ತರದ ಊರಿನಲ್ಲಿ ಗಾಳಿಯೇ ಸಮುದ್ರತೀರಕ್ಕಿಂತ ನೂರಕ್ಕೆ ಸುಮಾರು ಒಂಬತ್ತು ಪಾಲು ತೆಳು. ಮಂಗಳೂರಿನಿಂದ ಘಟ್ಟ ಹತ್ತಿ ಬಂದ ಗಾಡಿ ಸ್ವಲ್ಪ ಮಂಕಾದಂತೆ ತೋರುವುದು ಅದರ ತಪ್ಪಲ್ಲ.

ಇದೆಲ್ಲ ಈಗ ಬರೆಯಲು ಕಾರಣವಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಗ್ಯಾರೇಜು ಸೇರಿದವನು. ಈಗ ಸ್ವಂತ ಗ್ಯಾರೇಜಿನ ಯಜಮಾನ. ಮಗ ಪಾಲಿಟೆಕ್ನಿಕ್ ಓದಿ ಅಪ್ಪನ ಜೊತೆಗೇ ಇದ್ದಾನೆ. ರೇಸಿಗೆ ಹೊರಟ ಗಿರಾಕಿಯೊಬ್ಬ ತನ್ನ ಬೈಕಿನ ಹೆಡ್ಡನ್ನು ತಂದುಕೊಟ್ಟಿದ್ದಾನೆ. ಒಳದಾರಿಯನ್ನೆಲ್ಲ ಕೊರೆದು ಅಗಲ ಮಾಡಿಬಿಡೋಣ ಎಂದು ಮಗ, ಬೇಡವೆಂದು ಅಪ್ಪ. "ಮೇಷ್ಟ್ರೇ, ಕೊರೆದ ಅಲ್ಯೂಮಿನಿಯಂ ವಾಪಸ್ ಬರಲ್ಲ. ನಂಗೆ ಕೈಗೆ ಗೊತ್ತಾಗುತ್ತೆ, ಬಾಯಿಗೆ ಬರಲ್ಲ. ಅವನು ನನ್ನ ಮಾತನ್ನ ಹಳೇ ಕಾಲದ್ದು ಅಂತಾನೆ. ನೀವೇ ಒಂದು ಮಾತು ಹೇಳಿ" ಎಂದ. ಹೆಡ್ಡು ಕೆಟ್ಟರೆ ನಷ್ಟವಾಗುವುದು ಗಿರಾಕಿಗೆ ಮಾತ್ರವಲ್ಲ ಎಂಬುದು ಅವನ ದನಿಯಲ್ಲೇ ತಿಳಿಯುತ್ತಿತ್ತು. ಅಪ್ಪ ಮಗ ನಾಲ್ಕು ದಿನದಿಂದ ಮಾತುಬಿಟ್ಟಿದ್ದರು.

ಮಗನ ವಾದ ತಳ್ಳಿಹಾಕುವಂಥದ್ದಲ್ಲ. ಉಸಿರನ್ನು ಸುಧಾರಿಸಿದರೆ ಶಕ್ತಿ ಹೆಚ್ಚುತ್ತದೆಂಬುದಕ್ಕೆ ಇಂಗ್ಲೆಂಡಿನ ಜಾಗ್ವಾರ್ ಕಾರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಬೆಳಕಿಗೆ ಬಂದ ಅದರ ಎಕ್ಸ್‌ಕೆ ಇಂಜಿನ್ನಿನ ಗಾತ್ರ 3442 ಘನ ಸೆಂಟಿಮೀಟರ್, ಶಕ್ತಿ 160 ಅಶ್ವಶಕ್ತಿ. ಅದರ ಹೆಡ್ಡಿನ ಹಿಂದೆ ಹ್ಯಾರಿ ವೆಸ್ಲೇಕ್ ಎಂಬಾತನ ದುಡಿಮೆಯಿತ್ತು. ಈತ ಹೆಡ್ಡಿನ ಮೂಲಕ ಗಾಳಿ ಹಾಯಿಸಿ, ಎಷ್ಟು ಹರಿಯಿತೆಂದು ಅಳೆದು ನೋಡುತ್ತಿದ್ದ. 1954ರ ಎಕ್ಸ್‌ಕೆ 140 ಕಾರಿನಲ್ಲಿ ಅದೇ ಗಾತ್ರದ ಇಂಜಿನ್ನು 190 ಅಶ್ವಶಕ್ತಿ ಕೊಟ್ಟಿತು. ರೇಸಿನ ಸಿ-ಟೈಪ್ ಕಾರಿನ ಹೆಡ್ಡನ್ನು ಹಾಕಿಸಿಕೊಂಡವರಿಗೆ 210. ಆ ಹೆಡ್ಡಿನಲ್ಲಿ ಹೊಗೆ ಹೋಗುವ ವಾಲ್ವು ದೊಡ್ಡದಾಗಿತ್ತು. ಉಸಿರು ಬಿಡಲಾಗದವನು ಎಳೆದುಕೊಳ್ಳುವುದಾದರೂ ಹೇಗೆ? 1958ರಲ್ಲಿ ವೆಸ್ಲೇಕ್ ಗಾಳಿಯ ದಾರಿಯನ್ನು ಇನ್ನಷ್ಟು ನೇರಗೊಳಿಸಿದ ಹೆಡ್ಡು ಬಂದಾಗ ಅದು 250ಕ್ಕೆ ಏರಿತು. ಇದು ಕಂಪನಿಯೇ ಸಾರಿದ ಅಂಕಿ. ಮೂರು ಕಾರ್ಬ್ಯುರೇಟರ್, ಹೆಚ್ಚಿದ ಒತ್ತಡದ ಅನುಪಾತ ಇವುಗಳ ಪಾಲೂ ಅದರಲ್ಲಿದೆ. ಆದರೂ ಸಿಲಿಂಡರ್ ಒಂದು ಕೂದಲೆಳೆಯಷ್ಟೂ ದೊಡ್ಡದಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

ಹಾಗಾದರೆ ಕೊರೆಯಬಾರದೇಕೆ? ಇಲ್ಲಿ ಎಂಟನೆಯ ತರಗತಿಯ ಗಣಿತ ಸಾಕು. ವಾಲ್ವು ಎದ್ದಾಗ ಗಾಳಿ ನುಗ್ಗುವುದು ಅದರ ಸುತ್ತಲಿನ ಬಳೆಯಂತಹ ಸಂದಿನಿಂದ. ಸಂದಿನ ವಿಸ್ತೀರ್ಣವೆಂದರೆ ವಾಲ್ವಿನ ಪರಿಧಿಯನ್ನು ಅದು ಎದ್ದ ಎತ್ತರದಿಂದ ಗುಣಿಸಿದ್ದು. ಅದು ವಾಲ್ವಿನ ವೃತ್ತದ ವಿಸ್ತೀರ್ಣಕ್ಕೆ ಸಮವಾಗುವುದು ಎತ್ತರವು ವ್ಯಾಸದ ಕಾಲು ಭಾಗವಾದಾಗ. 32 ಮಿ.ಮೀ. ವಾಲ್ವಿಗೆ 8 ಮಿ.ಮೀ. ಅಲ್ಲಿಯವರೆಗೆ ಗಾಳಿಯನ್ನು ಹೆಚ್ಚಾಗಿ ತಡೆಯುವುದು ವಾಲ್ವು ಮತ್ತು ಅದರ ಸೀಟು. ಹಿಂದಿನ ದಾರಿ ಎಷ್ಟು ವಿಶಾಲವಾಗಿದ್ದರೂ ಬಾಗಿಲು ಓರೆಯಾಗಿಯೇ ತೆರೆದಿರುತ್ತದೆ. ಇನ್ನೊಂದು ಮಾತು: ಗಾಳಿಗೂ ಜಡತ್ವವಿದೆ. ವೇಗವಾಗಿ ಬಂದ ಗಾಳಿ ಪಿಸ್ಟನ್ನು ಕೆಳಗಿನಿಂದ ಮೇಲಕ್ಕೆ ತಿರುಗಿದ ಮೇಲೂ ಸ್ವಲ್ಪ ಹೊತ್ತು ಒಳನುಗ್ಗುತ್ತಲೇ ಇರುತ್ತದೆ. ಅದಕ್ಕೆಂದೇ ವಾಲ್ವನ್ನು ತಡವಾಗಿ ಮುಚ್ಚುತ್ತಾರೆ. ದಾರಿಯನ್ನು ಅತಿಯಾಗಿ ಅಗಲಿಸಿದರೆ ವೇಗ ಇಳಿದು ಈ ಲಾಭ ಕೈತಪ್ಪುತ್ತದೆ. ಕಡಿಮೆ ಸುತ್ತಿನಲ್ಲಿ ಗಾಡಿ ಎಳೆಯುವುದೇ ಇಲ್ಲ. ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲಿನ ಹನಿಗಳೂ ಗೋಡೆಗೆ ಅಂಟಿಕೊಂಡು ಬಿಡುತ್ತವೆ. ನಿಜವಾದ ತೊಡಕಿರುವುದು ದಾರಿಯ ಒಳತಿರುವಿನಲ್ಲಿ. ಹೇಮಾವತಿ ನಾಲೆಯ ತಿರುವಿನಲ್ಲಿ ಒಳದಂಡೆಯ ಬಳಿ ನೀರು ಸುಳಿಯುವುದನ್ನು ನೋಡಿದ್ದೀರಲ್ಲ, ಗಾಳಿಯೂ ಅಲ್ಲಿ ಗೋಡೆಯನ್ನು ಬಿಟ್ಟು ಸುಳಿಯಾಗುತ್ತದೆ. ಆ ಅಂಚನ್ನು ನವಿರಾಗಿ ದುಂಡಗೆ ಮಾಡುವುದೇ ಕುಶಲಿಯ ಕೆಲಸ. ನನ್ನ ವಿದ್ಯಾರ್ಥಿಯ ಬೆರಳಿಗೆ ಗೊತ್ತಿದ್ದದ್ದು ಇದೇ.

ನಾನು ಹುಡುಗನೊಡನೆ ವಾದಕ್ಕಿಳಿಯಲಿಲ್ಲ. "ಅಳೆದು ನೋಡಪ್ಪ, ಆಮೇಲೆ ಕೊರಿ" ಎಂದಷ್ಟೇ ಹೇಳಿ, ಪ್ರಯೋಗಶಾಲೆಯ ಯು-ಕೊಳವೆಯನ್ನು ನೆನಪಿಸಿದೆ. ಅವನು ಹಳೆಯ ವ್ಯಾಕ್ಯೂಮ್ ಕ್ಲೀನರಿಗೆ ಗುಜರಿಯಿಂದ ತಂದ ಅದೇ ಮಾದರಿಯ ಹೆಡ್ಡೊಂದನ್ನು ಜೋಡಿಸಿದ. ಪ್ಲಾಸ್ಟಿಕ್ ಕೊಳವೆಯನ್ನು ಬಾಗಿಸಿ ಬಣ್ಣದ ನೀರು ತುಂಬಿದ. ಹೆಡ್ಡಿನ ಎರಡು ಬದಿಯ ಒತ್ತಡದ ಅಂತರವನ್ನು ಒಂದು ಕೊಳವೆ ತೋರಿಸುತ್ತದೆ. ಗೊತ್ತಾದ ಅಳತೆಯ ತೂತಿನ ಮೂಲಕ ಹೋಗುವ ಗಾಳಿಯನ್ನು ಇನ್ನೊಂದು. ಕೊರೆಯುವ ಮೊದಲು ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ದಾರಿಯಲ್ಲಿ ಅಲ್ಲಲ್ಲಿ ಮೆತ್ತಿ ಪರೀಕ್ಷಿಸುವಂತೆ ಸೂಚಿಸಿದ್ದು ಅಪ್ಪ. ತಳದ ಒಂದು ಮೂಲೆಯಲ್ಲಿ ಜೇಡಿ ತುಂಬಿ ದಾರಿಯನ್ನು ಕಿರಿದು ಮಾಡಿದರೂ ನೀರಿನ ಮಟ್ಟ ಕದಲಲಿಲ್ಲವಂತೆ. ಹುಡುಗ ಯಂತ್ರವನ್ನೇ ಸಂಶಯಿಸಿ ಮೂರು ಬಾರಿ ಮತ್ತೆ ಅಳೆದನಂತೆ. ಆ ಮೂಲೆಯಲ್ಲಿ ಗಾಳಿ ಹರಿಯುತ್ತಲೇ ಇರಲಿಲ್ಲ!

ಈಗ ಇಬ್ಬರೂ ರಾತ್ರಿ ಅಂಗಡಿಯ ಕದ ಹಾಕಿದ ಮೇಲೂ ಅದರ ಮುಂದೆಯೇ ಕೂತಿರುತ್ತಾರೆಂದು ಸೊಸೆ ಹೇಳಿದಳಂತೆ, ಅತ್ತೆಯವರು ನನಗೆ ಹೇಳಿದರು. ಅಪ್ಪ ಬೆರಳಿಟ್ಟು ತೋರಿಸುತ್ತಾನೆ, ಮಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಗಿರಾಕಿಯ ಹೆಡ್ಡನ್ನು ಇನ್ನೂ ಮುಟ್ಟಿಲ್ಲ. ಅವನು ಮಾತ್ರ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾನಂತೆ.