ನಾನು ಡೇನಿಯಲ್ ಅಲ್ಲ

ಈ ಸಂಚಿಕೆಗೆ ‘ನನ್ನನ್ನು ಕಾಡಿದ ಒಂದು ಸಿನಿಮಾ’ ಎಂಬ ವಿಷಯ ಕೊಟ್ಟು ಕನ್ನಡ ಮೇಡಂ ಎರಡು ವಾರದ ಗಡುವು ಹೇಳಿದಾಗ ನಮ್ಮ ಕ್ಲಾಸಿನ ಅರ್ಧ ಹುಡುಗರು ಒಟ್ಟಿಗೇ ಕೆ.ಜಿ.ಎಫ್. ಎಂದು ಕೂಗಿದರು. ನಾನು ಸುಮ್ಮನಿದ್ದೆ. ನನ್ನ ಸಿನಿಮಾ 1984ರದು, ಹೆಸರು ‘ದಿ ಕರಾಟೆ ಕಿಡ್’. ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಅದೇ ಹೆಸರಿನಲ್ಲಿ 2010ರಲ್ಲಿ ಬಂದ, ಜಾಕಿ ಚಾನ್ ಇರುವ ಚಿತ್ರ. ಅದು ಬೀಜಿಂಗಿನಲ್ಲಿ ನಡೆಯುತ್ತದೆ, ಅದರಲ್ಲಿ ಹುಡುಗ ಕಲಿಯುವುದು ಕುಂಗ್ ಫೂ. ಕರಾಟೆ ಇರುವುದು ಹೆಸರಿನಲ್ಲಿ ಮಾತ್ರ. ನಾನು ಹೇಳುತ್ತಿರುವುದು ಹಳೆಯದರ ಬಗ್ಗೆ.

ಮೊದಲು ನನ್ನ ಕಥೆ ಹೇಳಬೇಕು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಹೋದ ವರ್ಷ ಫಸ್ಟ್ ಪಿಯುಸಿಯಲ್ಲಿದ್ದಾಗ ನನಗೆ ಕರಾಟೆಯಲ್ಲಿ ಗ್ರೀನ್ ಬೆಲ್ಟ್ ಸಿಕ್ಕಿತ್ತು. ಅದಾಗಿ ಮೂರನೆಯ ವಾರ, ಮೊಹಲ್ಲಾದ ಮೈದಾನದಲ್ಲಿ ಕ್ರಿಕೆಟ್ ಆಡುವಾಗ ಒಂದು ರನ್‌ಔಟ್ ವಿಷಯಕ್ಕೆ ಜಗಳವಾಯಿತು. ಎದುರಿಗಿದ್ದವನು ಒಂಬತ್ತನೇ ಕ್ಲಾಸಿನ ಹುಡುಗ, ನನ್ನ ಭುಜಕ್ಕೂ ಬರದವನು. ಅವನು ನನ್ನನ್ನು ಕಳ್ಳ ಎಂದ. ನಾನು ಒದ್ದೆ. ಕ್ಲಾಸಿನಲ್ಲಿ ನೂರು ಸಲ ಗಾಳಿಗೆ ಒದ್ದಿದ್ದ ಅದೇ ಕಿಕ್ ಅವನ ಹೊಟ್ಟೆಗೆ ಬಿತ್ತು. ಅವನು ಹಿಂದಕ್ಕೆ ಬಿದ್ದ, ಬೀಳುವಾಗ ಕೈ ಊರಿದ, ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಮಧ್ಯಾವಧಿ ಪರೀಕ್ಷೆ ತಪ್ಪಿತು.

ಮರುದಿನ ಸಂಜೆ ನಡೆದದ್ದನ್ನೆಲ್ಲ ಮಾಸ್ಟರ್‌ಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡೇ ಹೋಗಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, “ಯಾವ ಕಾಲು?” ಬಲಗಾಲು ಅಂದೆ. ನಕ್ಕರು. ಆ ಕ್ಷಣ ನನಗೂ ಒಳಗೊಳಗೇ ಖುಷಿಯಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೆ ಖುಷಿಯಾದದ್ದು ನಿಜ.

ಅಬ್ಬಾ ಬೈಯಲೂ ಇಲ್ಲ, ನಗಲೂ ಇಲ್ಲ. ಅವರು ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರು. ಆಸ್ಪತ್ರೆಯ ಬಿಲ್ಲು ಅವರೇ ಕಟ್ಟಿದರು. ಆರು ದಿನ ಬಿಟ್ಟು ಒಂದು ಸಂಜೆ ನನ್ನ ಕೈಹಿಡಿದು ಆ ಹುಡುಗನ ಮನೆಗೆ ಕರೆದುಕೊಂಡು ಹೋದರು. ಅವನ ತಾಯಿ ಚಹಾ ತಂದುಕೊಟ್ಟರು. ಅದನ್ನು ಕುಡಿದು ಮುಗಿಸಿದ್ದೇ ನನಗೆ ದೊಡ್ಡ ಶಿಕ್ಷೆಯಾಯಿತು. ಮುಂದಿನ ಭಾನುವಾರದಿಂದ ಅಬ್ಬಾ ನನ್ನನ್ನು ಕೆಲಸಕ್ಕೆ ಎಬ್ಬಿಸತೊಡಗಿದರು. ಗೋಡೆಗೆ ಉಪ್ಪುಕಾಗದ ಉಜ್ಜುವುದು, ಪುಟ್ಟಿ ಕಲಸುವುದು, ಪ್ರೈಮರ್ ಹೊಡೆಯುವುದು. ನನ್ನ ದಿನಗೂಲಿಯನ್ನು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟು ಆಸ್ಪತ್ರೆಯ ಬಿಲ್ಲಿನಲ್ಲಿ ಕಳೆಯುತ್ತಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಂಥ ಒಂದು ಭಾನುವಾರದ ರಾತ್ರಿ, ಕೈಯೆಲ್ಲ ಪುಟ್ಟಿಯ ವಾಸನೆ ಇರುವಾಗಲೇ, ಆಪಾ ಲ್ಯಾಪ್‌ಟಾಪಿನಲ್ಲಿ ಈ ಸಿನಿಮಾ ಹಾಕಿದಳು.

ಕಥೆ ಸರಳ. ಡೇನಿಯಲ್ ಎಂಬ ಹುಡುಗ ತಾಯಿಯ ಹೊಸ ಕೆಲಸಕ್ಕಾಗಿ ನ್ಯೂಜೆರ್ಸಿಯ ನೆವಾರ್ಕಿನಿಂದ ಲಾಸ್ ಏಂಜಲೀಸ್‌ನ ರೆಸೀಡಾಕ್ಕೆ ಬರುತ್ತಾನೆ. ತಂದೆ ಇಲ್ಲ. ಅಲ್ಲಿ ಜಾನಿ ಮತ್ತು ಅವನ ಗೆಳೆಯರು ಇವನನ್ನು ಬೆನ್ನಟ್ಟಿ ಹೊಡೆಯುತ್ತಾರೆ. ಅವರೆಲ್ಲ ‘ಕೋಬ್ರಾ ಕಾಯ್’ ಎಂಬ ಕರಾಟೆ ಶಾಲೆಯವರು. ಅವರ ಗುರು ಕ್ರೀಸ್ ಕಲಿಸುವುದು ಎದುರಾಳಿಗೆ ದಯೆ ತೋರಬಾರದು ಎಂದು. ಡೇನಿಯಲ್ ಇರುವ ವಠಾರದ ನಲ್ಲಿ, ಬಾಗಿಲು ರಿಪೇರಿ ಮಾಡುವ ಮುದುಕ ಮಿಯಾಗಿ ಅವನನ್ನು ಕಾಪಾಡುತ್ತಾನೆ, ಕರಾಟೆ ಕಲಿಸಲು ಒಪ್ಪುತ್ತಾನೆ. ಕಲಿಸುವ ಬದಲು ಕಾರು ಒರೆಸಿಸುತ್ತಾನೆ, ಮರದ ನೆಲ ಉಜ್ಜಿಸುತ್ತಾನೆ, ಬೇಲಿಗೂ ಮನೆಗೂ ಬಣ್ಣ ಬಳಿಸುತ್ತಾನೆ. ನಾಲ್ಕನೇ ದಿನ ಹುಡುಗ ಸಿಟ್ಟಿನಿಂದ ಹೊರಟುಬಿಡುತ್ತಾನೆ. ಆಗ ಮಿಯಾಗಿ ಹೊಡೆಯಲು ಕೈ ಬೀಸುತ್ತಾನೆ, ಕಾರು ಒರೆಸಿದ ಕೈಗಳು ತಾವಾಗಿಯೇ ಏಟನ್ನು ತಡೆಯುತ್ತವೆ.

ಅಬ್ಬಾ ಊಟ ಮಾಡುತ್ತಾ ಹಿಂದೆ ಕೂತಿದ್ದರು. ಬೇಲಿಗೆ ಬಣ್ಣ ಹೊಡೆಯುವ ದೃಶ್ಯ ಬಂದಾಗ ತುತ್ತು ನಿಲ್ಲಿಸಿ ನೋಡಿದರು. “ಮಣಿಕಟ್ಟು ಸರಿ ಇದೆ. ಮೇಲೆ ಹೋಗುವಾಗ ಒಂದು ಥರ, ಕೆಳಗೆ ಬರುವಾಗ ಇನ್ನೊಂದು ಥರ, ಹಾಗೇ ಹೊಡೀಬೇಕು. ಆದ್ರೆ ಹೊಸಬನಿಗೆ ಅಷ್ಟು ದೊಡ್ಡ ಬೇಲಿ ಕೊಡಬಾರದು” ಅಂದರು. ನನಗೆ ನಗು ಬಂತು. ಮಿಯಾಗಿ ಕಲಿಸಿದ ರೀತಿಯ ಬಗ್ಗೆ ನನಗೆ ಇವತ್ತಿಗೂ ಒಂದು ತಕರಾರಿದೆ. ನಾಲ್ಕು ದಿನ ಯಾಕೆ ಎಂದು ಹೇಳದೆ ದುಡಿಸುವುದು ಅನ್ಯಾಯವೇ. ಅಬ್ಬಾ ಒಪ್ಪುವುದಿಲ್ಲ. ಅವರು ಹದಿನಾಲ್ಕು ವರ್ಷದವರಿದ್ದಾಗ ಅವರ ಉಸ್ತಾದ್ ಒಂದು ವರ್ಷ ಬ್ರಷ್ ಮುಟ್ಟಲು ಬಿಡಲಿಲ್ಲವಂತೆ, ಬರೀ ತೊಳೆಯಲು ಕೊಟ್ಟರಂತೆ.

ಆಮೇಲೆ ಆ ದೃಶ್ಯ ಬಂತು. ಒಂದು ರಾತ್ರಿ ಡೇನಿಯಲ್ ಹೋದಾಗ ಮಿಯಾಗಿ ಅಮೆರಿಕನ್ ಸೈನ್ಯದ ಹಳೆಯ ಸಮವಸ್ತ್ರ ತೊಟ್ಟು, ಕುಡಿದು ಕೂತಿದ್ದಾನೆ. ಬಾಟಲಿ ಕಂಡ ಕೂಡಲೇ ಅಬ್ಬಾ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಆಪಾ ಸಬ್‌ಟೈಟಲ್ ಓದಿ ಹೇಳುತ್ತಾ ಹೋದಳು. ಮಿಯಾಗಿ ಯೂರೋಪಿನಲ್ಲಿ ಅಮೆರಿಕದ ಪರವಾಗಿ ಹೋರಾಡುತ್ತಿದ್ದಾಗ, ಅದೇ ಅಮೆರಿಕ ಅವನ ತುಂಬು ಬಸುರಿ ಹೆಂಡತಿಯನ್ನು ಮಂಜನಾರ್ ಎಂಬಲ್ಲಿನ ಬಂಧನ ಶಿಬಿರದಲ್ಲಿ ಇಟ್ಟಿತ್ತು. ಹೆರಿಗೆಯಲ್ಲಿ ತಾಯಿಯೂ ಮಗುವೂ ಸತ್ತರು. ಅವನು ನಿದ್ದೆ ಹೋದ ಮೇಲೆ ಡೇನಿಯಲ್ ಆ ಸಾವಿನ ಕಾಗದ ಓದುತ್ತಾನೆ, ಪೆಟ್ಟಿಗೆಯಲ್ಲಿ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವನ್ನೂ ನೋಡುತ್ತಾನೆ.

“ಡಾಕ್ಟರ್ ಇರ್ಲಿಲ್ವಾ ಅಲ್ಲಿ?” ಎಂದು ಅಬ್ಬಾ ಕೇಳಿದರು. ಇರಲಿಲ್ಲವಂತೆ ಎಂದಳು ಆಪಾ. ಅವಳು ಬಿ.ಎ.ಯಲ್ಲಿ ಇತಿಹಾಸ ಓದುತ್ತಾಳೆ, ಸಿನಿಮಾ ನಿಲ್ಲಿಸಿ ಹೇಳಿದಳು. ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ ಮೇಲೆ, 1942ರಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಆದೇಶದಂತೆ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಹಾಕಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಆ ಶಿಬಿರಗಳಿಂದಲೂ ಹುಡುಗರು ಸೈನ್ಯ ಸೇರಿದರು. ಅವರ 442ನೇ ರೆಜಿಮೆಂಟು ಯುದ್ಧದಲ್ಲಿ ಅತಿ ಹೆಚ್ಚು ಪದಕ ಗಳಿಸಿದ ತುಕಡಿಗಳಲ್ಲಿ ಒಂದು. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ, ಸಿನಿಮಾ ಬಂದು ನಾಲ್ಕು ವರ್ಷದ ಮೇಲೆ. ಬದುಕಿ ಉಳಿದಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು.

ಮಿಯಾಗಿ ಪಾತ್ರ ಮಾಡಿದ ಪ್ಯಾಟ್ ಮೊರಿಟಾ ಯಾರು ಎಂದು ನಾನು ಹುಡುಕಲು ಶುರುಮಾಡಿದ್ದು ಆ ರಾತ್ರಿಯೇ. ಅವರು 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಎರಡು ವರ್ಷದ ಮಗುವಾಗಿದ್ದಾಗ ಬೆನ್ನುಮೂಳೆಗೆ ಕ್ಷಯ ತಗುಲಿ, ಬಾಲ್ಯವೆಲ್ಲ ಆಸ್ಪತ್ರೆಯಲ್ಲಿ ಪ್ಲಾಸ್ಟರಿನೊಳಗೆ ಕಳೆಯಿತು. ಇವನು ನಡೆಯುವುದಿಲ್ಲ ಎಂದಿದ್ದರಂತೆ. ಹನ್ನೊಂದನೇ ವರ್ಷಕ್ಕೆ ನಡೆದರು. ನಡೆದು ಹೋದದ್ದು ಮನೆಗಲ್ಲ. ಆಸ್ಪತ್ರೆಯಿಂದ ನೇರ ಅರಿಜೋನಾದ ಗಿಲಾ ರಿವರ್ ಶಿಬಿರಕ್ಕೆ ಒಯ್ದರು, ಅಪ್ಪ ಅಮ್ಮ ಅಲ್ಲಿದ್ದರು. ಇಲ್ಲಿಗೆ ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ದೊಡ್ಡವರಾದ ಮೇಲೆ ಮೊರಿಟಾ ವೇದಿಕೆಯಲ್ಲಿ ನಗಿಸುವ ಕೆಲಸ ಹಿಡಿದರು. ತನ್ನ ಜನರನ್ನು ಹೀಯಾಳಿಸುವ ಪದವನ್ನೇ ಅಡ್ಡಹೆಸರಾಗಿ ಇಟ್ಟುಕೊಂಡು ನಗಿಸಬೇಕಾಗಿತ್ತು. ಟಿವಿಯಲ್ಲಿ ‘ಹ್ಯಾಪಿ ಡೇಸ್’ ಧಾರಾವಾಹಿಯಿಂದ ಜನರಿಗೆ ಪರಿಚಯ. ಅದಕ್ಕೇ ನಿರ್ಮಾಪಕ ಜೆರ್ರಿ ವೈಂಟ್ರಾಬ್ ಮೊದಲು ಬೇಡ ಎಂದರು, ಹಾಸ್ಯಗಾರ ಗುರುವಾಗುವುದು ಹೇಗೆ ಎಂದು. ಪರೀಕ್ಷೆಗೆ ಚಿತ್ರೀಕರಿಸಿದ ದೃಶ್ಯ ನೋಡಿದ ಮೇಲೆ ಮನಸ್ಸು ಬದಲಿಸಿದರು. ಇನ್ನೊಂದು ಮಾತು: ಸಿನಿಮಾದ ಆ ಒಡಕು ಇಂಗ್ಲಿಷ್ ನಟನೆ. ಮೊರಿಟಾ ಮಾತಾಡುತ್ತಿದ್ದುದು ಅಚ್ಚ ಅಮೆರಿಕನ್ ಇಂಗ್ಲಿಷ್. ಅವರಿಗೆ ಕರಾಟೆಯೂ ಬರುತ್ತಿರಲಿಲ್ಲ. ಹೊಡೆದಾಟದಲ್ಲಿ ಅವರ ಬದಲು ಕಾಣುವುದು ಫುಮಿಯೋ ಡೆಮುರಾ ಎಂಬ ನಿಜವಾದ ಕರಾಟೆ ಗುರು.

ಶಿಬಿರದ ನೆನಪಿನ ಆ ದೃಶ್ಯವನ್ನು ಸ್ಟುಡಿಯೋದವರು ಕತ್ತರಿಸಿ ಎಂದಿದ್ದರು. ಕಥೆ ನಿಂತುಹೋಗುತ್ತದೆ, ಹುಡುಗರ ಸಿನಿಮಾದಲ್ಲಿ ಇದೆಲ್ಲ ಯಾಕೆ ಎಂದು. ನಿರ್ದೇಶಕ ಜಾನ್ ಜಿ. ಅವಿಲ್ಡ್‌ಸನ್ ಬಿಡಲಿಲ್ಲ. ಅವರು ‘ರಾಕಿ’ ಮಾಡಿ ಆಸ್ಕರ್ ಪಡೆದವರು, ಆದ್ದರಿಂದ ಮಾತು ನಡೆಯಿತೋ ಏನೋ. ಆ ದೃಶ್ಯವೇ ಮೊರಿಟಾಗೆ ಪೋಷಕ ನಟನ ಆಸ್ಕರ್ ನಾಮಕರಣ ತಂದಿತು ಎನ್ನುತ್ತಾರೆ. ಪ್ರಶಸ್ತಿ ಅವರಿಗೆ ಬರಲಿಲ್ಲ, ಹೈಂಗ್ ಎಸ್. ನಾರ್ ಎಂಬ ಕಾಂಬೋಡಿಯಾದ ವೈದ್ಯರಿಗೆ ಹೋಯಿತು. ಖಮೇರ್ ರೂಜ್ ಆಳ್ವಿಕೆಯಲ್ಲಿ ಆ ವೈದ್ಯರ ಹೆಂಡತಿ ನಿಜವಾಗಿಯೂ ಶಿಬಿರದಲ್ಲಿ, ಹೆರಿಗೆಯಲ್ಲಿ, ಮಗುವಿನೊಂದಿಗೆ ಸತ್ತಿದ್ದರು. ಸಿನಿಮಾದಲ್ಲಿ ಮಿಯಾಗಿ ಹೇಳಿದ ಕಥೆ ಎದುರು ಸಾಲಿನಲ್ಲಿ ಕೂತಿದ್ದವರ ಬದುಕಾಗಿತ್ತು.

ಕಥೆ ಬರೆದ ರಾಬರ್ಟ್ ಮಾರ್ಕ್ ಕೇಮನ್ ಅವರ ಬಗ್ಗೆ ಓದುವಾಗ ನನ್ನ ಕಿವಿ ಬಿಸಿಯಾಯಿತು. 1964ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ನ್ಯೂಯಾರ್ಕಿನ ವಿಶ್ವ ಮೇಳದ ಬಳಿ ಒಂದು ಗುಂಪು ಅವರನ್ನು ಹೊಡೆದಿತ್ತು. ಸೇಡಿಗಾಗಿ ಕರಾಟೆ ಕಲಿಯಲು ಹೋದರು. ಮೊದಲ ಗುರು ಕಲಿಸಿದ್ದು ಹಿಂಸೆ ಮತ್ತು ಸೇಡು ಮಾತ್ರ. ಅದು ಸಾಕಾಗಿ ಇನ್ನೊಬ್ಬರ ಬಳಿ ಹೋದರು. ಅವರು ಓಕಿನಾವಾದ ಗೋಜು-ರ್ಯು ಪದ್ಧತಿಯವರು, ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆ ಪದ್ಧತಿಯನ್ನು ಕಟ್ಟಿದವರು ಚೋಜುನ್ ಮಿಯಾಗಿ. ಸಿನಿಮಾದ ಮುದುಕನಿಗೆ ಹೆಸರು ಬಂದದ್ದು ಅವರಿಂದ. ಅಂದರೆ ಕ್ರೀಸ್ ಮತ್ತು ಮಿಯಾಗಿ ಇಬ್ಬರೂ ಆ ಲೇಖಕ ನಿಜವಾಗಿ ಕಂಡ ಎರಡು ಥರದ ಗುರುಗಳು. ನನಗೆ “ಯಾವ ಕಾಲು?” ಎಂಬ ಪ್ರಶ್ನೆ ನೆನಪಾಯಿತು.

ಕೊನೆಯ ಪಂದ್ಯಗಳನ್ನು ನಾನು ಈಗ ಎಷ್ಟು ಸಲ ನೋಡಿದ್ದೇನೋ. ಡೇನಿಯಲ್ಲನ ಕೊಕ್ಕರೆ ಒದೆತವನ್ನು ಎಲ್ಲರೂ ಕೊಂಡಾಡುತ್ತಾರೆ. ನಾನು ನೋಡುವುದು ಕೋಬ್ರಾ ಕಾಯ್ ಹುಡುಗರ ಮುಖಗಳನ್ನು. ಸೆಮಿಫೈನಲ್‌ನಲ್ಲಿ ಕ್ರೀಸ್ ಬಾಬಿ ಎಂಬವನಿಗೆ ಡೇನಿಯಲ್ಲನನ್ನು ಮುಂದೆ ಆಡಲಾಗದಂತೆ ಮಾಡು ಎಂದು ಹೇಳುತ್ತಾನೆ. ಬಾಬಿಗೆ ಇಷ್ಟವಿಲ್ಲ, ಆದರೂ ಒದೆಯುತ್ತಾನೆ, ಒದ್ದ ಕೂಡಲೇ ಬಗ್ಗಿ ಕ್ಷಮೆ ಕೇಳುತ್ತಾನೆ. ನನಗೆ ಕ್ಷಮೆ ಕೇಳಲು ಆರು ದಿನ ಬೇಕಾಯಿತು. ಫೈನಲ್‌ನಲ್ಲಿ ಜಾನಿಗೂ ಅಂಥದೇ ಆಜ್ಞೆ. ಅವನ ಮುಖದಲ್ಲಿ ಒಂದು ಕ್ಷಣ ಭಯ ಕಾಣುತ್ತದೆ, ಎದುರಾಳಿಯ ಭಯವಲ್ಲ, ತನ್ನ ಗುರುವಿನ ಭಯ. ಸೋತ ಮೇಲೆ ಅವನೇ ಟ್ರೋಫಿ ತೆಗೆದು ಡೇನಿಯಲ್ಲನ ಕೈಗೆ ಕೊಡುತ್ತಾನೆ, ಕಣ್ಣು ತುಂಬಿರುತ್ತದೆ. ಜಾನಿಯಾದ ವಿಲಿಯಂ ಜಬ್ಕಾಗೆ ಇದು ಮೊದಲ ಸಿನಿಮಾ. ಅವರಿಗೆ ಅದುವರೆಗೆ ಗೊತ್ತಿದ್ದದ್ದು ಕುಸ್ತಿ. ಕರಾಟೆ ಕಲಿಸಿದ್ದು ಪ್ಯಾಟ್ ಇ. ಜಾನ್ಸನ್, ಫೈನಲ್‌ನಲ್ಲಿ ಬಿಳಿ ಉಡುಪಿನ ರೆಫ್ರಿಯಾಗಿ ನಿಂತವರೂ ಅವರೇ. ಸೋತದ್ದಕ್ಕೆ ಕ್ರೀಸ್ ಜಾನಿಯ ಕುತ್ತಿಗೆ ಹಿಡಿಯುವ ದೃಶ್ಯ ಈ ಚಿತ್ರದ ಕೊನೆಗೇ ಇರಬೇಕಿತ್ತು, ಆದರೆ 1986ರ ಎರಡನೇ ಭಾಗದ ಆರಂಭಕ್ಕೆ ಹೋಯಿತು. ಮೊದಲ ಭಾಗ ಮಿಯಾಗಿಯ ನಗುಮುಖದ ಮೇಲೆ ಥಟ್ಟನೆ ಮುಗಿಯುತ್ತದೆ. ಒಳ್ಳೆಯದೇ ಆಯಿತು.

ಆ ರಾತ್ರಿ ಸಿನಿಮಾ ಮುಗಿದಾಗ ಅಬ್ಬಾ ತಟ್ಟೆ ತೊಳೆದಿಟ್ಟು ಬಂದು ಕೇಳಿದರು, “ಆ ಹಳದಿ ಕೂದಲಿನ ಹುಡುಗ ಯಾರ ಮಗ?”

“ಜಾನಿಯಾ? ಗೊತ್ತಿಲ್ಲ ಅಬ್ಬಾ, ತೋರಿಸಿಲ್ಲ.”

“ಹೌದಾ. ಇನ್ನೊಬ್ಬನಿಗೆ ಅಮ್ಮ ಬಂದಿದ್ದಳು, ಆ ಮುದುಕ ಇದ್ದ. ಇವನ ಮನೆಯವರು ಯಾರೂ ಬರ್ಲಿಲ್ಲ” ಅಂದರು. ನನ್ನ ಮುಖ ನೋಡಲಿಲ್ಲ. ಬೆಳಿಗ್ಗೆ ಬೇಗ ಏಳಬೇಕು, ಮಲಗು ಎಂದು ಹೇಳಿ ದೀಪ ಆರಿಸಿದರು.

ನಾನು ಸಿನಿಮಾದ ಉದ್ದಕ್ಕೂ ಡೇನಿಯಲ್ ಪಕ್ಕದಲ್ಲಿ ಕೂತಿದ್ದೆ. ಬಣ್ಣ ಬಳಿಯುತ್ತಿದ್ದವನು ನಾನೂ ಅಲ್ಲವೇ ಎಂದುಕೊಂಡಿದ್ದೆ. ಕತ್ತಲಲ್ಲಿ ಮಲಗಿದ ಮೇಲೆ ಅಬ್ಬಾ ಕೇಳಿದ್ದು ಯಾರ ಬಗ್ಗೆ ಎಂದು ತಿಳಿಯಿತು.

ಡೈರಿಯ ಲೆಕ್ಕ ರಮಝಾನಿಗೆ ಮೊದಲೇ ಮುಗಿಯಿತು. ಆದರೂ ರಜೆಯಿದ್ದರೆ ಭಾನುವಾರ ಕೆಲಸಕ್ಕೆ ಹೋಗುತ್ತೇನೆ, ಈಗ ಕೂಲಿ ನನ್ನ ಕೈಗೇ ಬರುತ್ತದೆ. ಕರಾಟೆ ಕ್ಲಾಸಿಗೆ ಮತ್ತೆ ಹೋಗಿಲ್ಲ. ಬೆಲ್ಟು ಬೀರುವಿನಲ್ಲಿದೆ.

ಆ ಹುಡುಗ ಈಗ ಹತ್ತನೇ ಕ್ಲಾಸು. ಕೈ ಸರಿಹೋಗಿದೆ, ಬೌಲಿಂಗ್ ಮಾಡುತ್ತಾನೆ, ಸ್ವಲ್ಪ ಉದ್ದವೂ ಆಗಿದ್ದಾನೆ. ಹೋದ ವಾರ ಅಸರ್ ನಮಾಝ್ ಮುಗಿಸಿ ಬರುವಾಗ ದಾರಿಯಲ್ಲಿ ಸಿಕ್ಕಿದ. ಸ್ವಲ್ಪ ದೂರ ಜೊತೆಗೆ ನಡೆದು, “ಭಾಯ್, ಆ ಕಿಕ್ ನನಗೂ ಹೇಳಿಕೊಡ್ತೀರಾ?” ಎಂದು ಕೇಳಿದ.

ಭಾನುವಾರ ಸಂಜೆ ಬಾ, ಮಾತಾಡೋಣ ಎಂದಿದ್ದೇನೆ. ಏನು ಹೇಳಬೇಕೆಂದು ಇನ್ನೂ ಗೊತ್ತಾಗಿಲ್ಲ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ