ಸೀಸೆಯೊಳಗಿನ ಷಾರ್ಕ್

ಹೊನ್ನಾಳಿ, ನ್ಯಾಮತಿಗಳ ಜನರಿಗೆ ತುಂಗಭದ್ರೆಯೇ ಹಿರಿಯ ನೀರು. ಚನ್ನಗಿರಿಯವರಿಗೆ ಸೂಳೆಕೆರೆಯೇ ಕಡಲು. ಅದಕ್ಕೆ ಶಾಂತಿಸಾಗರವೆಂಬ ಹೆಸರೂ ಉಂಟು. ಮಳೆಯನ್ನೇ ಅಪರೂಪಕ್ಕೆ ಕಾಣುವ ಜಗಳೂರಿಗೆ ಆ ಭಾಗ್ಯವೂ ಇಲ್ಲ. ಇಂತಹ ಒಳನಾಡಿನಲ್ಲಿ ಷಾರ್ಕನ್ನು ಕಂಡವರಾರು?

ಪ್ರಾಣಿಶಾಸ್ತ್ರ ಓದಿದವರು ಕಂಡಿದ್ದಾರೆ! ಕಾಲೇಜಿನ ಪ್ರಯೋಗಶಾಲೆಯಲ್ಲಿ ಫಾರ್ಮಲಿನ್ ತುಂಬಿದ ಸೀಸೆಯೊಳಗೆ ನಿಂತಿರುವ ಮೊಳದುದ್ದದ ಬೂದು ಮೀನು, ‘ಸ್ಕೋಲಿಯೋಡಾನ್’, ಷಾರ್ಕಿನ ಕುಲದ್ದೇ. 1928ರಲ್ಲಿ ಲಖನೌದ ಪ್ರಾಧ್ಯಾಪಕಿ ಇ. ಎಂ. ತಿಲ್ಲಯಂಪಲಂ ಅವರು ಈ ಒಂದು ಮೀನಿನ ಅಂಗರಚನೆಯನ್ನು ಕುರಿತೇ ಪುಸ್ತಕ ಬರೆದರು. ನಮ್ಮ ಕರಾವಳಿಯವರ ಬಾಯಲ್ಲಿ ಷಾರ್ಕಿಗೆ ತಾಟೆ ಎಂದು ಹೆಸರು.

ಈ ಪ್ರಾಣಿಯ ಮೈಯಲ್ಲಿ ಎಲುಬೆಂಬುದೇ ಇಲ್ಲ. ನಮ್ಮ ಕಿವಿಯಲ್ಲಿರುವಂತಹ ಮೆದ್ದೆಲುಬೇ ಅದರ ಅಸ್ಥಿಪಂಜರ. ತಲೆಯಿಂದ ಬಾಲದತ್ತ ಸವರಿದರೆ ಚರ್ಮ ನುಣುಪು. ಕೈಯನ್ನು ಹಿಂದಕ್ಕೆ ತಂದರೆ ಉಪ್ಪುಕಾಗದ! ಅದರ ಹುರುಪೆಗಳ ರಚನೆ ಹಲ್ಲಿನದೇ. ಬಾಯೊಳಗಿನ ಹಲ್ಲು ಉದುರಿದರೆ ಹಿಂದಿನ ಸಾಲಿನದು ಮುಂದೆ ಬರುತ್ತದೆ. ದಂತವೈದ್ಯರಿಗೆ ಅಲ್ಲಿ ಸಂಪಾದನೆಯಿಲ್ಲ. ಮೂತಿಯ ಮೇಲಿನ ಸಣ್ಣ ರಂಧ್ರಗಳು, ಮರಳಿನಲ್ಲಿ ಅಡಗಿದ ಮೀನಿನ ಮೈಯಿಂದ ಹೊಮ್ಮುವ ಅತಿ ಕ್ಷೀಣವಾದ ವಿದ್ಯುತ್ತನ್ನೂ ಗ್ರಹಿಸಬಲ್ಲವು.

ಕೆರೆಯ ಕಟ್ಲಾ ಮೀನಿಗೆ ತೇಲಲು ಹೊಟ್ಟೆಯೊಳಗೆ ಗಾಳಿಚೀಲವಿದೆ. ಷಾರ್ಕಿಗೆ ಅದಿಲ್ಲ, ಎಣ್ಣೆ ತುಂಬಿದ ಭಾರಿ ಪಿತ್ತಜನಕಾಂಗವೇ ಅದನ್ನು ಹಗುರಗೊಳಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹೊರದೇಶದ ಕಾಡ್ ಮೀನಿನ ಎಣ್ಣೆ ದುರ್ಲಭವಾದಾಗ, ಪಶ್ಚಿಮ ಕರಾವಳಿಯಲ್ಲಿ ಷಾರ್ಕಿನ ಈ ಎಣ್ಣೆಯನ್ನೇ ಔಷಧಕ್ಕಾಗಿ ತೆಗೆದರು. ಕಡಲು ಕಾಣದ ಎಷ್ಟೋ ಮಕ್ಕಳು ಮೂಗು ಹಿಡಿದುಕೊಂಡು ಅದನ್ನು ನುಂಗಿದ್ದುಂಟು.

ಎಲ್ಲಕ್ಕಿಂತ ಸೋಜಿಗವೆಂದರೆ ಅದರ ಬಾಣಂತನ. ಕಟ್ಲಾ ಲಕ್ಷಗಟ್ಟಲೆ ಮೊಟ್ಟೆ ಸುರಿದು ತನ್ನ ದಾರಿ ಹಿಡಿಯುತ್ತದೆ. ಸೀಸೆಯ ಸ್ಕೋಲಿಯೋಡಾನ್ ಹಾಗಲ್ಲ. ಮರಿಗಳನ್ನು ಗರ್ಭದಲ್ಲಿ ಹೊತ್ತು, ನಮ್ಮ ತಾಯಂದಿರಂತೆ ಹೊಕ್ಕುಳಬಳ್ಳಿಯಿಂದಲೇ ಪೋಷಿಸಿ ಹೆರುತ್ತದೆ. ಹೆಚ್ಚೆಂದರೆ ಇಪ್ಪತ್ತು ಮರಿಗಳು. ದೊಡ್ಡ ಜಾತಿಯ ಷಾರ್ಕುಗಳಲ್ಲಿ ಹಲವು ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು.

ಅಪಾಯವಿರುವುದು ಇಲ್ಲಿಯೇ. ಷಾರ್ಕಿಗೆ ಬಲಿಯಾಗುವ ಮನುಷ್ಯರು ಜಗತ್ತಿನಲ್ಲೆಲ್ಲ ಸೇರಿ ವರ್ಷಕ್ಕೆ ಸಾಮಾನ್ಯವಾಗಿ ಹತ್ತು ಮಂದಿಯ ಆಸುಪಾಸು. ಮನುಷ್ಯನಿಗೆ ಬಲಿಯಾಗುವ ಷಾರ್ಕುಗಳಾದರೋ ವರ್ಷಕ್ಕೆ ಸುಮಾರು ಹತ್ತು ಕೋಟಿಯೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ, ಲೋಕದಲ್ಲೇ ಅತಿ ದೊಡ್ಡ ಮೀನಾದ ತಿಮಿಂಗಿಲ ಷಾರ್ಕನ್ನು 2001ರಲ್ಲಿ ನಮ್ಮ ಸರಕಾರ ಕಾಯ್ದೆಯ ರಕ್ಷಣೆಗೆ ಒಳಪಡಿಸಬೇಕಾಯಿತು.

ಬರಗಾಲದಲ್ಲಿ ಬತ್ತಿದ ಕೆರೆ ಮತ್ತೆ ತುಂಬಿದಾಗ ಮೀನುಮರಿಗಳನ್ನು ತಂದು ಬಿಟ್ಟರೆ ಒಂದೆರಡು ವರ್ಷದಲ್ಲಿ ಬಲೆ ಭಾರವಾಗುತ್ತದೆ. ಷಾರ್ಕನ್ನು ಹಾಗೆ ಲಕ್ಷಗಟ್ಟಲೆ ಸಾಕಿ ಕಡಲಿಗೆ ಬಿಡುವ ಉಪಾಯವಿಲ್ಲ. ಇರುವುದನ್ನು ಉಳಿಸಿಕೊಳ್ಳದೆ ಹೋದರೆ, ಮುಂದೆ ಕರಾವಳಿಯ ಮಕ್ಕಳೂ ಜಗಳೂರಿನ ಮಕ್ಕಳಂತೆ ತಾಟೆಯನ್ನು ಸೀಸೆಯೊಳಗೇ ನೋಡಬೇಕಾದೀತು.